ದಾರ ಕಚ್ಚುವ ಹಲ್ಲು

ನನ್ನ ಪಾರ್ಲರಿನಲ್ಲಿ ಎಂಟು ವರ್ಷ ಹುಬ್ಬು ತಿದ್ದಿದವಳನ್ನು ಗಿರಾಕಿಗಳು ‘ದಾರದ ಹುಡುಗಿ’ ಎಂದೇ ಕರೆಯುತ್ತಿದ್ದರು. ಒಡತಿ ನಾನು ಎದುರಿಗೇ ನಿಂತಿದ್ದರೂ ನನ್ನನ್ನು ದಾಟಿ ಅವಳನ್ನೇ ಕೇಳುತ್ತಿದ್ದರು. ಹೊಟ್ಟೆಯುರಿಯಬೇಕಾದ ಮಾತೇ, ಆದರೆ ಅವಳ ಕೈ ಹಾಗಿತ್ತು. ಹತ್ತೊಂಬತ್ತನೇ ವಯಸ್ಸಿಗೆ ಕೆಲಸಕ್ಕೆ ಬಂದವಳು ಮೊದಲ ಮೂರು ತಿಂಗಳು ತನ್ನದೇ ಕಾಲಿನ ಕೂದಲು ಕಿತ್ತು ಕೆಲಸ ಕಲಿತಳು. ಆಮೇಲೆ ದಾರದ ಒಂದು ತುದಿಯನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಎರಡು ಕೈಗಳ ನಡುವೆ ಹುರಿ ಮಾಡಿ ಗಿರಾಕಿಯ ಮುಖದ ಮೇಲೆ ಬಗ್ಗಿದಳೆಂದರೆ, ಐದು ನಿಮಿಷದಲ್ಲಿ ಎರಡು ಹುಬ್ಬೂ ಅಚ್ಚಿನಲ್ಲಿ ತೆಗೆದಂತೆ ಬರುತ್ತಿದ್ದವು. ಎಷ್ಟೋ ಹೆಂಗಸರು ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದರು.

ಈ ಕೆಲಸದಲ್ಲಿ ಗಿರಾಕಿಯ ಕಣ್ಣಿಗೂ ನಮ್ಮ ಬಾಯಿಗೂ ಒಂದು ಗೇಣು ದೂರ. ನನಗೆ ಇವತ್ತಿಗೂ ಹೇಸಿಗೆ ಹುಟ್ಟಿಸುವುದೆಲ್ಲ ಆ ಒಂದು ಗೇಣಿನಲ್ಲೇ ಇದೆ.

ಅವಳು ಬಸುರಾಗಿ ಮೂರು ತಿಂಗಳಿಗೆ ದಾರ ಕೆಂಪಾಗತೊಡಗಿತು. ಒಸಡು ಊದಿಕೊಂಡು, ಮುಟ್ಟಿದರೆ ರಕ್ತ. ಬೆಳಗಾದರೆ ವಾಂತಿ, ವಾಂತಿಯಾದ ಕೂಡಲೇ ಬ್ರಷ್ಷಿನಿಂದ ಗಸಗಸ ಉಜ್ಜುವುದು, ಉಜ್ಜಿದರೆ ಮತ್ತೆ ರಕ್ತ. ಕೊನೆಗೆ ಹೆದರಿ ಹಲ್ಲುಜ್ಜುವುದನ್ನೇ ಬಿಟ್ಟಳು, ಬರೀ ನೀರು ಮುಕ್ಕಳಿಸಿ ಬರುತ್ತಿದ್ದಳು. ಬಾಯಿ ನಾರತೊಡಗಿತು. ಮೇಲಿನ ಸಾಲಿನಲ್ಲಿ ಹುಳುಕು ಹಿಡಿದಿದ್ದ ಒಂದು ಮುಂದಿನ ಹಲ್ಲು ದಿನೇ ದಿನೇ ಕಪ್ಪಾಯಿತು.

ನಾನು ಮಾಡಿದ್ದೇನು? ಒಂದು ಡಬ್ಬಿ ಪೆಪ್ಪರ್‌ಮಿಂಟ್ ತಂದು ಅವಳ ಕನ್ನಡಿಯ ಮುಂದಿಟ್ಟೆ.

“ಗಿರಾಕಿ ಬರೋ ಮುಂಚೆ ಒಂದು ಬಾಯಿಗೆ ಹಾಕ್ಕೊ,” ಎಂದೆ.

“ಸರಿ ಅಕ್ಕ,” ಎಂದಳು.

ಹದಿನೈದು ದಿನಕ್ಕೊಮ್ಮೆ ತಪ್ಪದೆ ಬರುವ ಹೆಂಗಸೊಬ್ಬಳಿದ್ದಳು. ಯಾವಾಗಲೂ ಅವಸರ, ಯಾವಾಗಲೂ ಕಿವಿಗೆ ಫೋನು. ಹುಡುಗಿಗೆ ಐದನೇ ತಿಂಗಳಿದ್ದಾಗ ಒಂದು ದಿನ ಆ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದು ಮೂಗು ಮುರಿದಳು. “ಕೈ ಚೆನ್ನಾಗಿದೆ, ಬಾಯಿ ಮಾತ್ರ ತಡೆಯೋಕಾಗಲ್ಲ. ದಾರ ಬಾಯಲ್ಲಿ ಇಟ್ಕೊಳ್ದೆ ಮಾಡೋಕೆ ಹೇಳ್ರಿ.”

ಹೇಳಿದೆ. ಗಿರಾಕಿಯ ಮಾತೆಂದರೆ ನಮಗೆ ಅಷ್ಟು ಭಕ್ತಿ. ಅಂದಿನಿಂದ ದಾರದ ಹುಡುಗಿ ದಾರವನ್ನು ಕುತ್ತಿಗೆಗೆ ಸುತ್ತಿ ಕೆಲಸ ಮಾಡಿದಳು. ಸಂಜೆಯ ಹೊತ್ತಿಗೆ ಕುತ್ತಿಗೆಯ ಸುತ್ತ ಕೆಂಪು ಗೆರೆ ಬಿದ್ದಿರುತ್ತಿತ್ತು, ನೋಡಲು ಅಸಹ್ಯವಾಗುತ್ತಿತ್ತು.

ತಿಂಗಳ ತಪಾಸಣೆಗೆ ಹೋದರೆ ನರ್ಸಮ್ಮ ತೂಕ ನೋಡುತ್ತಿದ್ದಳು, ಕಣ್ಣಿನ ರೆಪ್ಪೆ ಎಳೆದು ನೋಡುತ್ತಿದ್ದಳು, ಉಗುರು ನೋಡುತ್ತಿದ್ದಳು. ಬಾಯಿ ತೆರೆಸಿದ್ದು ಮಾತ್ರೆ ನುಂಗಿಸಲು ಮಾತ್ರ. ಮನೆಯಲ್ಲಿ ಹುಡುಗಿಯ ಅತ್ತೆಯದು ಬೇರೆ ರಾಗ. ಒಮ್ಮೆ ಪಾರ್ಲರಿಗೇ ಬಂದು ನನಗೆ ಪಾಠ ಹೇಳಿದಳು. “ನಂಗೂ ಒಂದೊಂದು ಬಸಿರಿಗೂ ಒಂದೊಂದು ಹಲ್ಲು ಹೋಯ್ತಮ್ಮ. ನಾನೇನು ಸತ್ತೋದ್ನಾ? ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ್ರೆ ಮಗೂಗೆ ತಗಲುತ್ತೆ. ಹೆರಿಗೆ ಆಗ್ಲಿ, ಆಮೇಲೆ ನೋಡೋಣ.” ಹೇಳುವಾಗ ಕಟ್ಟಿಸಿದ ಹಲ್ಲಿನ ಸೆಟ್ಟು ಕಟಕಟ ಅನ್ನುತ್ತಿತ್ತು.

ಆರನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅವಳು ಬಂದಾಗ ಮೇಲಿನ ತುಟಿ ಮೂಗಿನವರೆಗೂ ಬಾತಿತ್ತು, ಒಂದು ಕಣ್ಣು ಅರ್ಧ ಮುಚ್ಚಿತ್ತು, ಮೈ ಕೆಂಡದಂತೆ ಸುಡುತ್ತಿತ್ತು. ಒಸಡಿನಿಂದ ಕೀವು ಜಿನುಗುತ್ತಿತ್ತು.

“ಅಕ್ಕ, ನಿನ್ನೆಯಿಂದ ಮಗು ಜಾಸ್ತಿ ಒದೀತಿಲ್ಲ,” ಎಂದಳು.

ಶಟರ್ ಎಳೆದು ಅವಳನ್ನು ಹೆರಿಗೆ ಆಸ್ಪತ್ರೆಗೆ ಕರೆದೊಯ್ದೆ. ಮಗುವಿನ ಎದೆಬಡಿತ ಸರಿಯಿದೆ, ಈ ಕೀವನ್ನು ಮಾತ್ರ ಇವತ್ತೇ ತೆಗೆಸಿ ಎಂದು ಚೀಟಿ ಬರೆದು ಪಕ್ಕದ ರಸ್ತೆಯ ದಂತ ಚಿಕಿತ್ಸಾಲಯಕ್ಕೆ ಕಳಿಸಿದರು.

ಅಲ್ಲಿ ಡಾಕ್ಟರಮ್ಮ ಮಾಸ್ಕು, ಟೋಪಿ ಹಾಕಿಕೊಂಡು ಬಂದರು. ಕಾಣುತ್ತಿದ್ದದ್ದು ಕಣ್ಣು, ಹುಬ್ಬು ಅಷ್ಟೇ. ಕುರ್ಚಿಯಲ್ಲಿ ಮಲಗಿದ್ದವಳು ನನ್ನ ಸೆರಗು ಎಳೆದು ಪಿಸುಗುಟ್ಟಿದಳು. “ಅಕ್ಕ, ಅವರ ಎಡ ಹುಬ್ಬಿನ ತುದಿ ನೋಡಿ. ಅಲ್ಲೊಂದು ಹಳೇ ಗಾಯದ ಕಲೆ ಇದೆ. ಅದು ಮುಚ್ಚೋ ಹಾಗೆ ಕೂದಲು ಬಿಟ್ಟಿದ್ದು ನಾನೇ.”

ಅದೇ ಹೆಂಗಸು. ಮೂಗು ಮುರಿದವಳು. ದಾರದ ಹುಡುಗಿಯ ಮುಖ ಬಾತುಹೋಗಿದ್ದರಿಂದ ಅವರಿಗೆ ಗುರುತು ಸಿಗಲಿಲ್ಲ. ಕುರ್ಚಿಯ ಪಕ್ಕದಲ್ಲೇ ನಿಂತಿದ್ದ ನನ್ನನ್ನಂತೂ ಅವರು ನೋಡಲೇ ಇಲ್ಲ.

ಕೆಲಸ ಮಾತ್ರ ಚೊಕ್ಕ, ಸುಳ್ಳು ಹೇಳಬಾರದು. ಹೊಟ್ಟೆಯ ಭಾರ ಬೀಳದಂತೆ ಎಡಕ್ಕೆ ವಾಲಿಸಿ ಮಲಗಿಸಿದರು. ವಾಂತಿ, ರಕ್ತ, ಹಲ್ಲುಜ್ಜುವುದು ಬಿಟ್ಟದ್ದು ಎಲ್ಲವನ್ನೂ ಅವಳಿಂದ ಕೇಳಿ ತಿಳಿದರು. ಈ ಇಂಜೆಕ್ಷನ್ನಿನಿಂದ ಮಗುವಿಗೇನೂ ಆಗುವುದಿಲ್ಲ, ಹೀಗೆ ಕೀವು ಇಟ್ಟುಕೊಳ್ಳುವುದೇ ಅಪಾಯ ಎಂದು ಬಿಡಿಸಿ ಹೇಳಿದರು. ಹಲ್ಲು ತೆಗೆದರು, ಕೀವು ಬಸಿದರು. ಎಲ್ಲ ಸೇರಿ ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷದ ಕೆಲಸಕ್ಕೆ ಮೂರು ತಿಂಗಳು ನರಳಿಸಿದ ನಮ್ಮೆಲ್ಲರ ಮುಖಕ್ಕೆ ಯಾರಾದರೂ ಉಗಿಯಬೇಕಿತ್ತು.

“ದಿನವಿಡೀ ಸಿಹಿ ಏನಾದ್ರೂ ಚಪ್ಪರಿಸ್ತಿದ್ರಾ?” ಎಂದು ಕೇಳಿದರು.

ಅವಳು ನನ್ನತ್ತ ಕಣ್ಣು ಹೊರಳಿಸಿದಳು. ನಾನು ಗೋಡೆಯ ಮೇಲಿನ ಹಲ್ಲಿನ ಚಿತ್ರವನ್ನು ಓದುವವಳಂತೆ ನಿಂತೆ.

ಡಾಕ್ಟರಮ್ಮನಿಗೆ ಕೋಪ ಏರಿತು. “ಏನಮ್ಮ ನೀವೆಲ್ಲ? ವಾಂತಿ ಆದ ತಕ್ಷಣ ಉಜ್ಜಬಾರದು, ಬಾಯಿ ತೊಳೆದು ಸ್ವಲ್ಪ ಹೊತ್ತು ಬಿಟ್ಟು ಉಜ್ಜಬೇಕು. ರಕ್ತ ಬಂತು ಅಂತ ಉಜ್ಜೋದೇ ಬಿಡೋದಾ? ಮೂರು ತಿಂಗಳ ಹಿಂದೆ ಬಂದು ತೋರಿಸಿದ್ರೆ ಈ ಹಲ್ಲು ಉಳೀತಿತ್ತು.”

ದಾರದ ಹುಡುಗಿ ಬಾಯಲ್ಲಿದ್ದ ಹತ್ತಿಯನ್ನು ನಾಲಿಗೆಯಿಂದ ಪಕ್ಕಕ್ಕೆ ಸರಿಸಿದಳು.

“ತೋರಿಸಿದ್ನಲ್ಲ ಮೇಡಂ. ಹದಿನೈದು ದಿನಕ್ಕೊಂದ್ಸಲ ನಿಮ್ಮ ಮುಖದ ಮೇಲೇ ಬಗ್ಗಿ ನಿಂತಿರ್ತಿದ್ದೆ.”

ಡಾಕ್ಟರಮ್ಮ ಮಾಸ್ಕು ಇಳಿಸಿ ಅವಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮುಖ ಬಿಳಿಚಿಕೊಂಡಿತು.

“ಅಲ್ಲಿಗೆ ನಾನು ಡಾಕ್ಟರ್ ಅಂತ ಬರ್ತಿರಲಿಲ್ಲವಲ್ಲ,” ಎಂದರು.

ನನ್ನ ಮೈಯೆಲ್ಲ ಉರಿಯಿತು. ಗೇಣು ದೂರದಲ್ಲಿ ಕಪ್ಪಾಗುತ್ತಿದ್ದ ಹಲ್ಲನ್ನು ಕಂಡೂ, ಅದೇನೆಂದು ಗೊತ್ತಿದ್ದೂ, ವಾಸನೆಯ ದೂರು ಕೊಟ್ಟು ಎದ್ದು ಹೋದ ಹೆಂಗಸು. ನಾಲ್ಕು ಜನ ಕೇಳುವಂತೆ ಬೈಯಬೇಕೆಂದು ಒಂದು ಹೆಜ್ಜೆ ಮುಂದಿಟ್ಟೆ.

ದಾರದ ಹುಡುಗಿ ಕುರ್ಚಿಯಿಂದ ಇಳಿಯಲು ನನ್ನ ಕೈ ಹಿಡಿದುಕೊಂಡಳು.

“ಬೇಡ ಅಕ್ಕ,” ಎಂದಳು. “ಅವರು ಹದಿನೈದು ದಿನಕ್ಕೊಂದ್ಸಲ ನೋಡಿದ್ರು. ನೀವು ದಿನಾ ನೋಡಿದ್ರಿ.”