ಸುಂಕಲಮ್ಮನ ಡಬ್ಬಿಯಲ್ಲಿ ನಾಲ್ಕು ಉಡಿದಾರ

ಹೊನ್ನಾಳಿಯ ಶಿಶುಮಂದಿರದಲ್ಲಿ ಇನ್ನೂ ಯಾರೂ ಎದ್ದಿಲ್ಲ. ಸುಂಕಲಮ್ಮ ಮಾತ್ರ ನೀರಿನ ಹಂಡೆಗೆ ಉರಿ ಹಾಕಿ, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಮಡಿಲಲ್ಲಿ ಬಿಸ್ಕತ್ತಿನ ಖಾಲಿ ಡಬ್ಬಿ. ಅದರ ಒಳಮೈಗೆ ಮೈದಾ ಅಂಟು ಸವರಿ ತಮ್ಮ ಹಳೇ ಸೀರೆಯ ತುಂಡೊಂದನ್ನು ಅಂಟಿಸುತ್ತಿದ್ದಾರೆ. ಹೊತ್ತೇರುವುದರೊಳಗೆ ಅದು ಒಣಗಬೇಕು. ಎರಡೂವರೆ ವರ್ಷದ ದ್ಯಾಮಿಯನ್ನು ದತ್ತು ತೆಗೆದುಕೊಂಡವರು ಜಗಳೂರಿನಿಂದ ಮೊದಲ ಬಸ್ಸಿಗೇ ಹೊರಟು ಬರುತ್ತಿದ್ದಾರೆ.

ಇದು 1984. ಸುಂಕಲಮ್ಮ ಇಲ್ಲಿ ಆಯಾ ಆಗಿ ಸೇರಿ ಹನ್ನೆರಡು ವರ್ಷವಾಯಿತು. ಹದಿನಾಲ್ಕು ಮಕ್ಕಳ ಎಣ್ಣೆ ನೀರು, ದಿನಕ್ಕೆ ಅರವತ್ತು ಬಟ್ಟೆಯ ಒಗೆತ, ಮೂರು ಹೊತ್ತು ಹಾಲು ಕಾಸುವುದು, ಸಂಬಳ ಬರುವುದು ಇಷ್ಟಕ್ಕೆ. ಡಬ್ಬಿ ಮಾಡು ಎಂದು ಅವರಿಗೆ ಯಾರೂ ಹೇಳಿದ್ದಲ್ಲ. ದತ್ತು ಹೋಗುವ ಪ್ರತಿ ಮಗುವಿನ ಕೈಗೂ ಒಂದು ಕೊಟ್ಟು ಕಳಿಸುತ್ತಾರೆ, ದ್ಯಾಮಿಯದು ಮೂವತ್ತೊಂದನೆಯದು. ಬೇಕರಿಯ ಜಯದೇವಪ್ಪ ಒಳ್ಳೆಯ ಡಬ್ಬಿ ಖಾಲಿಯಾದರೆ ಬೇರೆಯವರಿಗೆ ಕೊಡದೆ ಎತ್ತಿಡುತ್ತಾರೆ. "ಆ ಪುಣ್ಯಾತ್ಮ ಒಂದು ದಿನಾನೂ ಇಲ್ಲ ಅಂದಿಲ್ಲ" ಎನ್ನುತ್ತಾರೆ ಸುಂಕಲಮ್ಮ.

ಡಬ್ಬಿಯೊಳಗೆ ಏನಿರುತ್ತದೆ? ಮಗು ಬಂದ ದಿನ ಸುತ್ತಿದ್ದ ಬಟ್ಟೆ, ಮೊದಲ ಸಲ ತೆಗೆಸಿದ ಕೂದಲು, ಮತ್ತು ಉಡಿದಾರಗಳು. ಮಗುವಿನ ಸೊಂಟಕ್ಕೆ ಕಟ್ಟಿದ ಕರಿದಾರ ಬಿಗಿಯಾದರೆ ಮನೆಗಳಲ್ಲಿ ಕತ್ತರಿಸಿ ಬಿಸಾಡುತ್ತಾರೆ. ಸುಂಕಲಮ್ಮ ಒಂದನ್ನೂ ಬಿಸಾಡುವುದಿಲ್ಲ. ದ್ಯಾಮಿಯವು ನಾಲ್ಕಿವೆ. ಮೊದಲನೆಯದು ಸುಂಕಲಮ್ಮನ ಮುಂಗೈಗೆ ಎರಡು ಸುತ್ತು ಬಂದರೆ ಹೆಚ್ಚು. "ಇಷ್ಟೇ ಇತ್ತು ರೀ ಸೊಂಟ. ಬೆಳೆದದ್ದು ಹೆಂಗೆ ಅಂತ ಮುಂದೆ ಕೇಳಿದ್ರೆ ತೋರ್ಸಾಕೆ ಏನಾರ ಬೇಕಲ್ಲ?"

ಇದರ ಹಿಂದೆ ಒಂದು ನೋವಿದೆ. ಬಿಳಿಚೋಡಿನಲ್ಲಿ ಸುಂಕಲಮ್ಮನಿಗೆ ಒಂದು ಗಂಡುಮಗು ಹುಟ್ಟಿ, ಎಂಟು ತಿಂಗಳಿಗೆ ತೀರಿಕೊಂಡಿತು. ನೋಡಿದರೆ ಅಳುತ್ತಾಳೆ ಎಂದು ಮನೆಯವರು ಕುಲಾವಿ ಕೂಡ ಬಿಡದೆ ಎಲ್ಲವನ್ನೂ ಹಳ್ಳಕ್ಕೆ ಬಿಟ್ಟುಬಂದರು. "ಅವನದ್ದು ಅಂತ ಒಂದು ನೂಲೂ ಉಳೀಲಿಲ್ಲ. ಈ ಮಕ್ಕಳಿಗೆ ಹಂಗಾಗಬಾರದು" ಎನ್ನುವಾಗ ಅವರ ಕೈ ಅಂಟು ಸವರುವುದನ್ನು ನಿಲ್ಲಿಸುವುದಿಲ್ಲ.

ಹಾಗಂತ ಎಡವಟ್ಟು ಆಗಿಲ್ಲವೆಂದಲ್ಲ. 1976ರಲ್ಲಿ ನಲ್ಲೂರಿನ ಕಡೆಯ ದಂಪತಿ ಒಂದು ಗಂಡುಮಗುವನ್ನು ಕರೆದೊಯ್ದರು. ಮಗುವಿಗೆ ದೃಷ್ಟಿ ತಾಗದಿರಲೆಂದು ಸುಂಕಲಮ್ಮ ಡಬ್ಬಿಯೊಳಗೆ ಒಂದು ನಿಂಬೆಹಣ್ಣನ್ನೂ ಇಟ್ಟು, ಮುಚ್ಚಿ ಕೊಟ್ಟುಬಿಟ್ಟರು. ಸಂಜೆ ಆ ಡಬ್ಬಿ ಬಸ್ ನಿಲ್ದಾಣದ ಅರಳಿಕಟ್ಟೆಯ ಮೇಲೆ ಸಿಕ್ಕಿತು. ಮಾಟದ ಸಾಮಾನೆಂದು ಹೆದರಿ ಬಿಟ್ಟುಹೋಗಿದ್ದರು. "ನಿಂಬೆಹಣ್ಣು, ಕೂದ್ಲು, ಕರಿದಾರ. ನಾನಾಗಿದ್ರೂ ಎದ್ದುಬಿದ್ದು ಓಡ್ತಿದ್ದೆ ರೀ" ಎಂದು ನಗುತ್ತಾರೆ. ನಗು ಬೇಗ ನಿಲ್ಲುತ್ತದೆ. ಆ ಡಬ್ಬಿ ಇಂದಿಗೂ ಅಟ್ಟದ ಮೇಲಿದೆ. ಅಂದಿನಿಂದ ಸುಂಕಲಮ್ಮ ಡಬ್ಬಿ ಮುಚ್ಚುವ ಮೊದಲು ಒಂದೊಂದನ್ನೇ ಎತ್ತಿ ತೋರಿಸಿ, ಹೇಳಿ, ಆಮೇಲೆ ಕೊಡುತ್ತಾರೆ.

ಹತ್ತು ಗಂಟೆಗೆ ಜಗಳೂರಿನವರು ಬರುತ್ತಾರೆ. ಶಿವಮೂರ್ತಪ್ಪ, ಹೆಂಡತಿ ನಿರ್ಮಲಮ್ಮ, ಜೊತೆಗೆ ಶಿವಮೂರ್ತಪ್ಪನ ತಾಯಿ ಸಿದ್ದಲಿಂಗಮ್ಮ. ದ್ಯಾಮಿ ನಿರ್ಮಲಮ್ಮನ ಬಳೆ ಹಿಡಿದು ಆಡುತ್ತಾ ಕೂರುತ್ತದೆ. ಸುಂಕಲಮ್ಮ ಡಬ್ಬಿ ತೆರೆದು ಕರಿದಾರ ಎತ್ತುತ್ತಿದ್ದಂತೆ ಸಿದ್ದಲಿಂಗಮ್ಮನ ಮುಖ ಗಂಟಿಕ್ಕುತ್ತದೆ.

"ಇದೆಲ್ಲ ನಮಗ್ಯಾಕೆ? ಇಲ್ಲೇ ಇರ್ಲಿ ಬಿಡು."

ಅಟ್ಟಕ್ಕೆ ಇನ್ನೊಂದು ಡಬ್ಬಿ ಸೇರುವುದು ಸುಂಕಲಮ್ಮನಿಗೆ ಬೇಡ. ನಾಲ್ಕೂ ದಾರಗಳನ್ನು ಒಂದರ ಪಕ್ಕ ಒಂದು ನೆಲದ ಮೇಲೆ ಉದ್ದಕ್ಕೆ ಇಡುತ್ತಾರೆ. "ಇದು ತೊಟ್ಲಿಗೆ ಹಾಕಿದಾಗಿಂದು, ಅವ್ವಾರೆ. ಇದು ಕೂರಾಕೆ ಕಲ್ತಾಗಿಂದು. ಇದು ಗೋಡೆ ಹಿಡ್ದು ನಿಂತಾಗ. ಇದು ಹೋದ ಯುಗಾದೀದು."

ಸಿದ್ದಲಿಂಗಮ್ಮ ಬಗ್ಗಿ ನೋಡುತ್ತಾರೆ. ಎಲ್ಲಕ್ಕಿಂತ ಚಿಕ್ಕದನ್ನು ಎತ್ತಿ ಬೆರಳಿಗೆ ಸುತ್ತಿಕೊಳ್ಳುತ್ತಾರೆ. ಹಾಗೇ ಕೇಳುತ್ತಾರೆ: "ಈಗ ಕಟ್ಟಿರೋದು ಯಾವಾಗ ಬಿಗಿ ಆಗ್ತೈತೆ?"

"ಇನ್ನು ನಾಕು ತಿಂಗಳಿಗೆ ಆದೀತು."

"ಹಂಗಾದ್ರೆ ಐದನೇದು ಹಾಕಾಕೆ ಡಬ್ಬಿ ಬೇಕಲ್ಲವಾ. ಕೊಡು ಇತ್ತ."

ಡಬ್ಬಿಯನ್ನು ಸೆರಗಲ್ಲಿ ಸುತ್ತಿ ಕಂಕುಳಿಗೆ ಸೇರಿಸಿ ಸಿದ್ದಲಿಂಗಮ್ಮ ಎಲ್ಲರಿಗಿಂತ ಮುಂದೆ ನಡೆಯುತ್ತಾರೆ. ಸುಂಕಲಮ್ಮ ಗೇಟಿನ ತನಕ ಹೋಗಿ, ಬಸ್ಸು ಮರೆಯಾದ ಮೇಲೆ ಕಣ್ಣೊರೆಸಿಕೊಳ್ಳುತ್ತಾರೆ. "ಮೂವತ್ತೊಂದು ಮಕ್ಕಳು ನನ್ನ ಅವ್ವ ಅಂದು ಹೋದ್ವು. ದೇವರು ನನಗೇನೂ ಕಮ್ಮಿ ಮಾಡಿಲ್ಲ."

ಒಂದೇ ಒಂದು ಆಸೆ ಬಾಕಿ ಇದೆಯಂತೆ. ನಲ್ಲೂರಿನ ಆ ಹುಡುಗನಿಗೆ ಈಗ ಎಂಟೋ ಒಂಬತ್ತೋ ವರ್ಷ ಇರಬೇಕು.

"ಪೇಪರ್‌ನಾಗೆ ಬರೀತೀರಲ್ಲ, ಇದೊಂದು ಹಾಕ್ರಿ. ಅವನ ಡಬ್ಬಿ ಜೋಪಾನವಾಗೈತೆ. ನಿಂಬೆಹಣ್ಣು ಅವತ್ತೇ ತೆಗೆದು ಹಾಕೀನಿ ಅಂತಾನೂ ಬರೀರಿ."