ಯಾನ್ ಗುಯ್ಜೆನ್‌ಗೊಂದು ಅಡಿಟಿಪ್ಪಣಿ

ಚೀನಾದ ವೂಶಿ ಊರಿನ ಶು ಪೀಲಾನ್ ಇಂಗ್ಲಿಷ್ ಕಲಿತದ್ದು ಕಾಲೇಜಿನಲ್ಲಲ್ಲ, ನೇಯ್ಗೆ ಗಿರಣಿಯಲ್ಲಿ. ರೇಡಿಯೋ ಪಾಠ ಕೇಳಿ, ಪದಗಳನ್ನು ಅಂಗೈ ಮೇಲೆ ಬರೆದುಕೊಂಡು, ಮಗ್ಗದ ಗದ್ದಲದಲ್ಲಿ ಉರು ಹೊಡೆಯುತ್ತಿದ್ದಳು. ಗಿರಣಿ ಮುಚ್ಚಿತು, ಇಂಗ್ಲಿಷ್ ಉಳಿಯಿತು. ಐವತ್ತನಾಲ್ಕು ತುಂಬುವಷ್ಟರಲ್ಲಿ ಹತ್ತೊಂಬತ್ತು ಪುಸ್ತಕಗಳನ್ನು ಚೀನೀ ಭಾಷೆಗೆ ತಂದಿದ್ದಳು. ಎಲ್ಲವೂ ವ್ಯಾಪಾರದವು, ಬರೆದವರೆಲ್ಲ ಗಂಡಸರು.

ಇಪ್ಪತ್ತನೆಯದನ್ನು ಬರೆದವಳು ಹೆಂಗಸು. ಕಂಪನಿ, ಕಾರ್ಖಾನೆಗಳಲ್ಲಿ ಹೆಂಗಸರನ್ನು ಹೇಗೆ ಮೂಲೆಗೆ ತಳ್ಳುತ್ತಾರೆ ಎಂಬ ಪುಸ್ತಕ. ಪೀಲಾನ್ ಪುಟಪುಟಕ್ಕೂ ತಲೆದೂಗಿದಳು. ಆದರೆ ಏಳನೆಯ ಅಧ್ಯಾಯದಲ್ಲಿ ಒಂದು ಸಾಲು ಗಂಟಲಲ್ಲಿ ಮುಳ್ಳಾಯಿತು: ಚೀನಾದ ಗಿರಣಿಗಳಲ್ಲಿ ಹೆಂಗಸರು ನೂಲು ಹಿಡಿದರು, ಸ್ಪ್ಯಾನರ್ ಹಿಡಿದವರೆಲ್ಲ ಗಂಡಸರೇ.

ಹಾಗಾದರೆ ಯಾನ್ ಗುಯ್ಜೆನ್ ಯಾರು? ಪೀಲಾನ್‌ಗೆ ಕೆಲಸ ಕಲಿಸಿದ ಗುರು, ಮಗ್ಗ ಕೆಟ್ಟರೆ ಇಡೀ ಗಿರಣಿ ಕೂಗಿ ಕರೆಯುತ್ತಿದ್ದ ಹೆಣ್ಣು ಮೆಕ್ಯಾನಿಕ್! ಪೀಲಾನ್ ಸಾಲನ್ನು ಇದ್ದ ಹಾಗೇ ಅನುವಾದಿಸಿ, ಕೆಳಗೆ ಯಾನ್ ಹೆಸರಿನೊಂದಿಗೆ ಮೂರು ಸಾಲಿನ ಅಡಿಟಿಪ್ಪಣಿ ಹಾಕಿದಳು.

ಶಾಂಘೈನಿಂದ ಸಂಪಾದಕ ಲೂ ಫೋನ್ ಮಾಡಿದ. "ಶು ಮೇಡಂ, ಬಡಿಸೋರೇ ಅಡುಗೆಗೆ ಉಪ್ಪಿಲ್ಲ ಅಂದ್ರೆ ಹೇಗೆ?"

"ಉಪ್ಪಿಲ್ಲದಿದ್ರೆ ಯಾರಾದ್ರೂ ಹೇಳ್ಬೇಕಲ್ಲಪ್ಪ."

"ದಾಖಲೆ ಕೊಡಿ. ಶುಕ್ರವಾರ ಅಚ್ಚಿಗೆ ಹೋಗುತ್ತೆ. ಇಲ್ಲಾಂದ್ರೆ ಟಿಪ್ಪಣಿ ತೆಗೀತೀನಿ."

ಗಿರಣಿಯ ಕಾಗದಗಳೆಲ್ಲ ಎಂದೋ ರದ್ದಿಗೆ ಹೋಗಿದ್ದವು. ಪೀಲಾನ್ ನೇರ ಯಾನ್ ಮನೆಗೆ ಹೋದಳು. ಎಪ್ಪತ್ತಾರರ ಮುದುಕಿ ವೊಂಟನ್ ಕಡುಬು ಮಡಚುತ್ತ ಕೂತಿದ್ದರು.

"ಬಿಡೇ ಪೀಲಾನ್. ಪುಸ್ತಕದಲ್ಲಿ ನನ್ನ ಹೆಸರು ಬಂದ್ರೆ ವೊಂಟನ್ ಬೇಗ ಬೇಯುತ್ತಾ?"

"ನಿಮಗೆ ಬೇಡದಿದ್ರೆ ಬೇಡ ಗುರುಗಳೇ, ನನಗೆ ಬೇಕು. ಆ ಸಾಲು ಓದಿದವರ ಪಾಲಿಗೆ ನೀವು ಇರಲೇ ಇಲ್ಲ. ಅದನ್ನ ಬರೆದ ಕೈ ನಂದಾಗುತ್ತೆ."

ಯಾನ್ ಕೈಯ ಹಿಟ್ಟು ಒರೆಸಿಕೊಂಡು ಎದ್ದರು. ಮೇಜಿನ ಗಾಜು ಎತ್ತಿ, ಅದರಡಿಯ ಮಗನ ಮದುವೆ ಫೋಟೋ, ಮೊಮ್ಮಗಳ ಶಾಲೆ ಫೋಟೋ ಸರಿಸಿ, ಎಲ್ಲಕ್ಕಿಂತ ತಳದಿಂದ ಹಳದಿ ಬಣ್ಣಕ್ಕೆ ತಿರುಗಿದ ಪ್ರಮಾಣಪತ್ರ ಎಳೆದರು. ಮಗ್ಗ ದುರಸ್ತಿ, ಎಂಟನೆಯ ದರ್ಜೆ. ಅದರ ಮೇಲೆ ದರ್ಜೆಯೇ ಇರಲಿಲ್ಲ.

"ನಮ್ಮನೆಯವರದ್ದು ಆರನೇ ದರ್ಜೆ. ಅವರ ಕಣ್ಣಿಗೆ ಬೀಳೋದು ಬೇಡ ಅಂತ ತಳದಲ್ಲಿಟ್ಟಿದ್ದೆ."

"ಅವರು ಹೋಗಿ ಒಂಬತ್ತು ವರ್ಷ ಆಯ್ತಲ್ಲ!"

"ಅಭ್ಯಾಸ ಕಣೇ."

ಪೀಲಾನ್ ಅದರ ಫೋಟೋ ತೆಗೆದು ಲೂಗೆ ಕಳಿಸಿದಳು. ಟಿಪ್ಪಣಿ ಉಳಿಯಿತು. ಅಷ್ಟೇ ಅಲ್ಲ, ಲೂನಿಂದ ಸುದ್ದಿ ಆ ಪುಸ್ತಕದ ಲೇಖಕಿಯ ಕಿವಿಗೂ ಬಿತ್ತು. ಆಕೆ ದೊಡ್ಡ ಮನಸ್ಸಿನವಳು. ಎರಡು ವರ್ಷದ ಮೇಲೆ ಬಂದ ಇಂಗ್ಲಿಷಿನ ಹೊಸ ಆವೃತ್ತಿಯಲ್ಲಿ ಆ ಸಾಲು ಕಿತ್ತುಹಾಕಿ, ಯಾನ್ ಬಗ್ಗೆ ಅರ್ಧ ಪುಟ ಬರೆದಿದ್ದಳು. ಮೂವತ್ತು ವರ್ಷ ಇಂಗ್ಲಿಷಿನಿಂದ ತರುವುದೇ ಕೆಲಸವಾಗಿದ್ದ ಪೀಲಾನ್ ಈಗ ಇಂಗ್ಲಿಷಿಗೇ ಅರ್ಧ ಪುಟ ಕೊಟ್ಟಿದ್ದಳು. ಹೊಸ ಆವೃತ್ತಿ ಕೈಗೆ ಬಂದ ದಿನ ಯಾನ್ ಮನೆಗೆ ಹೋಗುವ ಬಸ್ಸಿನಲ್ಲಿ ಪುಸ್ತಕವನ್ನು ಚೀಲಕ್ಕೆ ಹಾಕದೆ ಮಡಿಲಲ್ಲೇ ಇಟ್ಟುಕೊಂಡು ಹೋದಳು. ಹೆಮ್ಮೆಪಟ್ಟರೆ ಪಟ್ಟಳು, ಯಾರಪ್ಪನ ಗಂಟು?

ಯಾನ್ ಕಣ್ಣು ಮುಚ್ಚಿ ಕೂತರು. ಪೀಲಾನ್ ಅರ್ಧ ಪುಟವನ್ನು ಚೀನೀ ಭಾಷೆಯಲ್ಲಿ ಓದಿ ಮುಗಿಸಿದಳು.

"ನಾನು ನೋಡ್ಕೋತಿದ್ದ ಮಗ್ಗ ಎಷ್ಟು ಅಂದೆ?"

"ಮೂವತ್ತಾರು, ಗುರುಗಳೇ."

"ನಲವತ್ತೆಂಟು!" ಮುದುಕಿ ಮೇಜು ಗುದ್ದಿದರು. "ಟಿಪ್ಪಣಿ ಹಾಕು."