ಹದಿಮೂರರ ಕಲ್ಲು

ಗುಬ್ಬಿಯ ಅಂಗಡಿಯೊಂದರಲ್ಲಿ ಇವತ್ತು ಹೊಸ ಹುಣಸೆಹಣ್ಣಿನ ವಾಸನೆ ಮೂಗಿಗೆ ಬಡಿಯಿತು. ನಿಟ್ಟೂರಿನ ನಮ್ಮ ಜಗಲಿಯಲ್ಲೂ ಇದೇ ವಾಸನೆ ಇರುತ್ತಿತ್ತು. ಅವ್ವ ಅಲ್ಲಿ ಹುಣಸೆಹಣ್ಣು ತೂಗಿ ಮಾರುತ್ತಿದ್ದಳು.

ಕಬ್ಬಿಣದ ತೂಕದ ಬಟ್ಟು ಇದ್ದದ್ದು ಎರಡೇ, ಒಂದು ಕೆಜಿಯದು ಮತ್ತು ಎರಡು ಕೆಜಿಯದು. ಉಳಿದವು ಅವ್ವ ಮಾಡಿಕೊಂಡ ಕಲ್ಲುಗಳು. ಒಂದನ್ನೂ ಎರಡನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿ ಅದಕ್ಕೆ ಸರಿತೂಗುವ ಕಲ್ಲು ಹುಡುಕಿದಳು, ಮೂರಾಯಿತು. ಎರಡು, ಮೂರು ಸೇರಿಸಿ ಐದು. ಹೀಗೇ ಎಂಟು, ಹದಿಮೂರು. ಇಪ್ಪತ್ತು ಕೆಜಿವರೆಗೆ ಯಾರು ಎಷ್ಟು ಕೇಳಿದರೂ ಈ ಆರರಲ್ಲೇ ಮುಗಿಯುತ್ತಿತ್ತು.

ಒಮ್ಮೆ ನಾನು ಐದನ್ನೂ ಎಂಟನ್ನೂ ಒಟ್ಟಿಗೆ ಎತ್ತಿಡಲು ಹೋದಾಗ ಕೈ ತಡೆದಳು. "ಅಕ್ಕಪಕ್ಕದವು ಒಟ್ಗೆ ಹಾಕ್ಬೇಡ ಕಣೇ. ಅವೆರಡಕ್ಕೂ ಸಮ ಇರೋ ದೊಡ್ಡ ಕಲ್ಲು ಐತಲ್ಲ, ಅದುನ್ನೇ ತಗೋ."

ಅವ್ವ ಸತ್ತ ದಿನ ಗುಂಡಿ ಮುಚ್ಚಿದ ಮೇಲೆ ತಲೆಯ ಕಡೆಗೆ ಇಡಲು ಕಲ್ಲು ಬೇಕೆಂದರು. ಮಾವ ಜಗಲಿಯಿಂದ ಕೈಗೆ ಸಿಕ್ಕಿದ್ದನ್ನು ಹೊತ್ತು ತಂದ. ಅದು ಹದಿಮೂರರ ಕಲ್ಲು. ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಅಳಲೂ ಇಲ್ಲ.

ತಿಂಗಳಾದ ಮೇಲೆ ಯಾರೋ ಹದಿಮೂರು ಕೆಜಿ ಕೇಳಿದರು. ಅಪ್ಪ ಕಲ್ಲಿಗಾಗಿ ಹುಡುಕಾಡಿದ.

"ಅದು ಅವ್ವನ ತಲೆಹತ್ರ ಐತೆ" ಅಂದೆ.

ಅಪ್ಪ ಹುಡುಕುವುದನ್ನು ಬಿಟ್ಟ. "ಅಲ್ಲೇ ಇರ್ಲಿ ಬುಡು" ಎಂದು ಐದನ್ನೂ ಎಂಟನ್ನೂ ಒಟ್ಟಿಗೆ ತಟ್ಟೆಗಿಟ್ಟ. ತಡೆಯಲು ಮುಂದೆ ಹೋದ ನನ್ನ ಕೈ ಅರ್ಧದಲ್ಲೇ ನಿಂತಿತು.

ಇವತ್ತು ಮನೆಗೆ ಬೇಕಿದ್ದದ್ದು ಎರಡೇ ಕೆಜಿ. ಹದಿಮೂರು ಕೊಡಿ ಅಂದುಬಿಟ್ಟೆ. ತೂಕದ ಮಿಷನ್ನಿನಲ್ಲಿ ಕೆಂಪು ಅಂಕಿ ಬಂತು. "ತೂಕ ಸರಿಯಾಗೈತಾ ನೋಡ್ಕಳಿ ಅಕ್ಕ" ಅಂದ ಅಂಗಡಿಯವನು.

ಸರಿಯಾಗಿಯೇ ಇತ್ತು.